ಹಸಿರು ಟವೆಲಿನವರು ವಿಧಾನಸೌಧಕ್ಕೆ ಹೋಗಬೇಕೇ?

ರೈತರಾದವರು ರಾಜಕೀಯಕ್ಕೆ ಹೋಗಬಾರದು, ಹೋದರೆ ಕೆಡ್ತಾರೆ ಅನ್ನೋ ಮಾತು ನಮ್ಮ ಮಾಲೂರು ಕಡೆ ಹಾಲಿನ ಡೈರಿ ಮುಂದೆಯೂ ಕೇಳುತ್ತೆ, ರೈತಸಂಘದ ಸಭೆಯಲ್ಲೂ ಕೇಳುತ್ತೆ. ಹೋದ ತಿಂಗಳು ನಮ್ಮೂರಿನಲ್ಲಿ ಇದೇ ಮಾತಿಗೆ ರಾತ್ರಿ ಹತ್ತು ಗಂಟೆವರೆಗೂ ವಾದ ನಡೆಯಿತು. ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನೋದನ್ನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರ ಬದುಕನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನಾನು ಓದಿರುವುದು ಏಳನೇ ಕ್ಲಾಸು. ಓದುಗ ಬಾಂಧವರು ವಾಕ್ಯದ ಅಂಕುಡೊಂಕು ನೋಡದೆ ವಿಷಯ ನೋಡಬೇಕು ಅಂತ ಕೋರುತ್ತೇನೆ.

ಪುಟ್ಟಣ್ಣಯ್ಯ ಹುಟ್ಟಿದ್ದು 1949ರಲ್ಲಿ, ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ. ವ್ಯವಸಾಯದ ಮನೆತನ. ನಾಲೆ ನೀರಿನ ಸೀಮೆ, ಕಬ್ಬು ಭತ್ತದ ಸೀಮೆ. ರೈತಸಂಘ ಕಟ್ಟಿದ ಕಾಲದಿಂದ ಹಸಿರು ಟವೆಲು ಹೆಗಲ ಮೇಲೆ ಹಾಕಿಕೊಂಡವರು, ಕೊನೆಯವರೆಗೂ ಅದನ್ನು ಕೆಳಗಿಡಲಿಲ್ಲ. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ, ಹೀಗೆ ಎರಡು ಸಲ ಶಾಸಕರಾದರು. 2018ರ ಫೆಬ್ರವರಿ 18ರ ರಾತ್ರಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡಲು ಹೋಗಿದ್ದಾಗ ಎದೆನೋವು ಬಂದು ತೀರಿಕೊಂಡರು. ಆಗಲೂ ಅವರು ಶಾಸಕರೇ. ಲೆಕ್ಕ ಹಾಕಿದರೆ ಇಷ್ಟೇ. ಆದರೆ ಈ ಲೆಕ್ಕದ ಸಂದಿಯಲ್ಲಿ ನಮ್ಮಂಥವರಿಗೆ ಬೇಕಾದ ಸಂಗತಿ ಬಹಳ ಇದೆ.

ಮೊದಲು ರೈತಸಂಘ ಹುಟ್ಟಿದ ಬಗೆ ಹೇಳಬೇಕು. ಈಗಿನ ಹುಡುಗರಿಗೆ ಗೊತ್ತಿಲ್ಲ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ಅಭಿವೃದ್ಧಿ ಕರ ಅಂತ ಹೇರಿತು. ನೀರು ಸರಿಯಾಗಿ ಹರಿಯದ ಹೊಲಕ್ಕೂ ಕರ. ಆ ವರ್ಷ ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಆ ದಿನವನ್ನೇ ಈಗಲೂ ರೈತ ಹುತಾತ್ಮರ ದಿನ ಅಂತ ಮಾಡೋದು. ಆ ಸಿಟ್ಟಿನಲ್ಲೇ ಶಿವಮೊಗ್ಗದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಇವರೆಲ್ಲ ಸೇರಿ ಕರ್ನಾಟಕ ರಾಜ್ಯ ರೈತಸಂಘ ಕಟ್ಟಿದರು. 1983ರ ಜನವರಿ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರ ಬಿತ್ತು. ಅದಕ್ಕೆ ಕಾರಣ ಹಲವು ಇದ್ದವು, ರೈತರ ಸಿಟ್ಟು ಅದರಲ್ಲಿ ದೊಡ್ಡದು.

ಆಗ ನಾನು ಹುಡುಗ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡೋ ನಮ್ಮ ಸೀಮೆಗೂ ಆ ಗಾಳಿ ಬಂತು. ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರಬಾರದು ಅಂತ ಊರ ಬಾಗಿಲಲ್ಲಿ ಬೋರ್ಡು ನೆಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಮುಂಚೆ ಸಾಲ ವಸೂಲಿಗೆ ಬಂದವರು ನಮ್ಮ ಚಿಕ್ಕಪ್ಪನ ಮನೆಯ ತಲೆಬಾಗಿಲು ಕಿತ್ತುಕೊಂಡು ಹೋಗಿದ್ದರು. ಯಾವ ಕಚೇರಿಯವರು ಅಂತ ಹೆಸರು ಹೇಳಲ್ಲ, ಅವರ ಹೆಸರು ಈಗ ಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಬಾಗಿಲಿಲ್ಲದ ಮನೆಯಲ್ಲಿ ಗೋಣಿತಾಟು ಕಟ್ಟಿಕೊಂಡು ಮಲಗಿದರು ನಮ್ಮ ಚಿಕ್ಕಮ್ಮ. ಸಂಘದವರು ಬಂದು ಮರುಜಪ್ತಿ ಅಂತ ಆ ಬಾಗಿಲನ್ನು ತಂದುಕೊಟ್ಟರು. ತಮಟೆ ಬಡಿದುಕೊಂಡು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ನಮ್ಮ ಮನೆಯಲ್ಲಿ ಯಾರಿಗೂ ಸಂಘ ಅಂದರೆ ಏನು ಅಂತ ಭಾಷಣ ಮಾಡಿ ಹೇಳಬೇಕಾಗಲಿಲ್ಲ.

ಹೀಗೆ ಬೀದಿಯಲ್ಲಿ ಬೆಳೆದ ಸಂಘ ಚುನಾವಣೆಗೆ ನಿಂತಾಗ ಏನಾಯಿತು? 1989ರಲ್ಲಿ ಗೆದ್ದಿದ್ದು ಎರಡೇ ಸ್ಥಾನ. ಎರಡನ್ನೂ ಗೆದ್ದವರು ಒಬ್ಬರೇ, ಬೆಳಗಾವಿ ಕಡೆಯ ಬಾಬಾಗೌಡ ಪಾಟೀಲರು. ಅವರು ಒಂದನ್ನು ಬಿಟ್ಟುಕೊಟ್ಟ ಜಾಗದಲ್ಲಿ ನಂಜುಂಡಸ್ವಾಮಿಯವರು ಶಾಸಕರಾದರು. 1994ರಲ್ಲಿ ಒಂದೇ ಸ್ಥಾನ, ಅದು ಪುಟ್ಟಣ್ಣಯ್ಯನವರದು. ಬೀದಿಗೆ ಲಕ್ಷ ಜನ ಬರ್ತಾರೆ, ಮತಪೆಟ್ಟಿಗೆ ಹತ್ತಿರ ಹೋದಾಗ ಮಾತ್ರ ಜಾತಿ, ದುಡ್ಡು, ನೆಂಟಸ್ತನ ನೆನಪಾಗುತ್ತೆ. ಇದನ್ನು ಸಂಘದವರೂ ಬಲ್ಲರು, ನೀವೂ ಬಲ್ಲಿರಿ. ನಮ್ಮೂರಿನಲ್ಲೇ ಬೆಳಿಗ್ಗೆ ಹಸಿರು ಟವೆಲು, ಸಾಯಂಕಾಲ ಬೇರೆ ಟವೆಲು ಹಾಕಿದವರು ಇದ್ದಾರೆ.

ಬಾಬಾಗೌಡರ ವಿಷಯ ತೆಗೆದುಕೊಂಡು ನಮ್ಮ ವಾದದಲ್ಲಿ ಒಬ್ಬ ಹಿರಿಯರು, “ನೋಡಪ್ಪಾ, ಅವರು ರೈತಸಂಘ ಬಿಟ್ಟು ಬಿಜೆಪಿ ಸೇರಿ 1998ರಲ್ಲಿ ಬೆಳಗಾವಿಯಿಂದ ಎಂಪಿ ಆದರು, ವಾಜಪೇಯಿಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿಗೆ ರಾಜ್ಯ ಮಂತ್ರಿಯೂ ಆದರು. ಕುರ್ಚಿ ಅನ್ನೋದು ಹಂಗೇ ಎಳೀತದೆ” ಅಂದರು. ಎಳೆಯುವುದು ನಿಜ. ಆದರೆ ಅದೇ ಕುರ್ಚಿಯ ಹತ್ತಿರ ಇನ್ನೊಬ್ಬರೂ ಹೋಗಿದ್ದರಲ್ಲ. ಪುಟ್ಟಣ್ಣಯ್ಯ 1999ರಿಂದ 2013ರವರೆಗೆ ಹದಿನಾಲ್ಕು ವರ್ಷ ಸದನದ ಹೊರಗೇ ಇದ್ದರು. ಆ ಹದಿನಾಲ್ಕು ವರ್ಷದಲ್ಲಿ ದೊಡ್ಡ ಪಕ್ಷ ಸೇರಿದ್ದರೆ ಅವರಿಗೆ ಟಿಕೆಟ್ ಸಿಗದೆ ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಸೇರಲಿಲ್ಲ. ಕಾವೇರಿ ಗಲಾಟೆ, ಕಬ್ಬಿನ ಬೆಲೆ, ಕಾರ್ಖಾನೆ ಬಾಕಿ ಅಂತ ರಸ್ತೆಯಲ್ಲೇ ಕೂತರು. ಒಬ್ಬರು ಹೋದ ದಾರಿಯನ್ನೇ ಹಿಡಿದುಕೊಂಡು ಎಲ್ಲ ರೈತರೂ ಹಾಗೇ ಅನ್ನುವುದು, ಒಂದು ಎತ್ತು ಹಾಯ್ದರೆ ಕೊಟ್ಟಿಗೆಯನ್ನೇ ಮಾರಿದ ಹಾಗೆ.

ಇಲ್ಲಿ ಒಂದು ಸಂಗತಿ ಮುಚ್ಚಿಡಬಾರದು. ಸಂಘ ಒಡೆಯಿತು. ಪ್ರೊಫೆಸರ್ ಒಂದು ಕಡೆ, ಪುಟ್ಟಣ್ಣಯ್ಯ ಒಂದು ಕಡೆ, ಆಮೇಲೆ ಇನ್ನೂ ಬಣಗಳು. ಪ್ರೊಫೆಸರ್ 2004ರ ಫೆಬ್ರವರಿ 3ರಂದು ತೀರಿಕೊಂಡರು. ಕಾನೂನು ಓದಿದವರು, ಡಂಕೆಲ್ ಪ್ರಸ್ತಾವನೆ, ಬಿತ್ತನೆ ಬೀಜದ ಪೇಟೆಂಟ್ ಇವೆಲ್ಲ ಏನು ಅಂತ ನಮ್ಮಂಥ ಏಳನೇ ಕ್ಲಾಸಿನವರಿಗೂ ಅರ್ಥ ಮಾಡಿಸಿದವರು ಅವರೇ. ಪುಟ್ಟಣ್ಣಯ್ಯ ಬೇರೆ ಥರ. ಹಳ್ಳಿಕಟ್ಟೆಯಲ್ಲಿ ಕೂತು ಮಾತಾಡಿದ ಹಾಗೇ ಸದನದಲ್ಲೂ ಮಾತಾಡೋರು. ನಗಿಸೋರು, ನಗಿಸ್ತಾ ನಗಿಸ್ತಾ ಚುಚ್ಚೋರು. ಇವರಿಬ್ಬರೂ ಕೊನೆವರೆಗೂ ಒಂದೇ ನೊಗಕ್ಕೆ ಹೆಗಲು ಕೊಟ್ಟಿದ್ದರೆ ಏನಾಗುತ್ತಿತ್ತೋ. ಬಣಗಳಾದ ಮೇಲೆ ತಾಲ್ಲೂಕು ಕಚೇರಿಯ ಗುಮಾಸ್ತನೂ ಯಾವ ಬಣದವರು ನೀವು ಅಂತ ಕೇಳಿ ನಗುವಂತಾಯಿತು. ಇದು ರಾಜಕೀಯಕ್ಕೆ ಹೋಗಿದ್ದರಿಂದ ಆದದ್ದು ಅಂತ ಕೆಲವರು ಹೇಳ್ತಾರೆ. ಚುನಾವಣೆಗೇ ನಿಲ್ಲದ ದೇವಸ್ಥಾನದ ಕಮಿಟಿಗಳೂ ನಮ್ಮಲ್ಲಿ ಒಡೆದಿವೆ, ಅದಕ್ಕೇನು ಹೇಳೋಣ?

2005ರಲ್ಲಿ ರೈತಸಂಘದವರು, ದಲಿತ ಚಳವಳಿಯವರು, ಸಾಹಿತಿ ದೇವನೂರ ಮಹಾದೇವ ಮುಂತಾದವರು ಸೇರಿ ಸರ್ವೋದಯ ಕರ್ನಾಟಕ ಪಕ್ಷ ಅಂತ ಮಾಡಿದರು. ಪುಟ್ಟಣ್ಣಯ್ಯ 2013ರಲ್ಲಿ ಗೆದ್ದಿದ್ದು ಆ ಪಕ್ಷದಿಂದ. ಹೊಲ ಇರೋನು, ಹೊಲದಲ್ಲಿ ಕೂಲಿ ಮಾಡೋನು ಒಂದೇ ಚಾಪೆಯಲ್ಲಿ ಕೂತುಕೊಳ್ಳಬೇಕು ಅನ್ನೋ ಆಸೆ ಅದು. ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ದಲಿತ ಚಳವಳಿ ಗಟ್ಟಿಯಾಗಿ ಬೆಳೆದ ಜಿಲ್ಲೆ ಕೋಲಾರ. ರೈತಸಂಘ ಜಮೀನು ಉಳ್ಳವರ ಸಂಘ ಆಗಿಬಿಡುತ್ತೆ ಅನ್ನೋ ದೂರು ಇಲ್ಲಿ ಮೊದಲಿಂದಲೂ ಇತ್ತು, ಆ ದೂರಿನಲ್ಲಿ ಹುರುಳಿಲ್ಲ ಅನ್ನೋಕೂ ಆಗಲ್ಲ.

ಈಗ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. 224 ಜನರ ಸದನದಲ್ಲಿ ಒಬ್ಬ ಹೋಗಿ ಏನು ಕಡಿದು ಕಟ್ಟೆ ಹಾಕ್ತಾನೆ ಅಂತ ಕೇಳ್ತಾರೆ. ಒಬ್ಬನಿಂದ ಕಾನೂನು ಆಗಲ್ಲ, ಒಪ್ಪಿದೆ. ಆದರೆ ಹಳೆ ಕಥೆ ಒಂದು ನೋಡಿ. ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಪರವಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹದಲ್ಲಿ ಇದ್ದವರು. ಮರುವರ್ಷವೇ ಶಾಸಕರಾದರು. ಕೈಯಲ್ಲಿ ಕಾಸಿಲ್ಲದೆ, ಒಂದು ವೋಟು ಒಂದು ನೋಟು ಕೊಡಿ ಅಂತ ಊರೂರು ತಿರುಗಿ ಗೆದ್ದರು ಅಂತ ಹಳಬರು ಈಗಲೂ ಹೇಳ್ತಾರೆ. ಅವರ ಸಮಾಜವಾದಿ ಪಕ್ಷದವರು ಸದನದಲ್ಲಿ ಬೆರಳೆಣಿಕೆ. ಉಳುವವನೇ ಹೊಲದೊಡೆಯ ಅನ್ನೋ ಮಾತನ್ನು ಅಲ್ಲಿ ಬಿಡದೆ ಆಡಿದರು. 1972ರ ಜೂನ್ 9ರಂದು ಅವರು ತೀರಿಕೊಂಡರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು ಗೇಣಿ ಪದ್ಧತಿ ತೆಗೆಯಿತು. ನಮ್ಮ ತಂದೆ ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿ ಮುಂದೆ ಕೈಕಟ್ಟಿ ನಿಂತಿದ್ದರು. ಆ ಫಾರಮಿನಿಂದ ಬಂದದ್ದು ಒಂದು ಎಕರೆ ಹದಿನಾರು ಗುಂಟೆ. ಈವತ್ತೂ ಅದರಲ್ಲಿ ರಾಗಿ ಬೆಳೆಯುತ್ತೇನೆ. ಗೋಪಾಲಗೌಡರ ಮುಖವನ್ನು ನಮ್ಮ ತಂದೆ ನೋಡಿದವರಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಮೈಸೂರು ಸಂಸ್ಥಾನದಲ್ಲಿ ರೈತರನ್ನು ಕರೆದು ಕೂರಿಸಿದ್ದು 1881ರಲ್ಲಿ. ಅದಕ್ಕೆ ಮುಂಚೆ 1876ರಿಂದ 78ರವರೆಗೆ ದೊಡ್ಡ ಬರ, ಡೊಗರು ಬರ ಅಂತ ನಮ್ಮ ಅಜ್ಜಿ ಕಾಲದವರು ಅನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ 50 ಲಕ್ಷದ ಮೇಲಿದ್ದ ಜನ 1881ಕ್ಕೆ 42 ಲಕ್ಷಕ್ಕಿಂತ ಕೆಳಗೆ ಬಂದರು. ಬಯಲುಸೀಮೆಯ ಊರುಗಳು ಬರಿದಾದವು. ಆ ಬರ ಮುಗಿದ ಮೇಲೆ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಜನ. ಪ್ರತಿ ತಾಲ್ಲೂಕಿನಿಂದಲೂ ಒಬ್ಬಿಬ್ಬರು ಜಮೀನುದಾರ ರೈತರು, ಜೊತೆಗೆ ವ್ಯಾಪಾರಸ್ಥರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಮೈಸೂರು ಅಂದರೆ ಆಗ ದಿನಗಟ್ಟಲೆ ಪ್ರಯಾಣ. ಅಲ್ಲಿ ಅವರಿಗಿದ್ದ ಅಧಿಕಾರ ಏನು? ದಿವಾನರು ಲೆಕ್ಕ ಓದುತ್ತಾರೆ, ಇವರು ಕೇಳಬೇಕು. ತಮ್ಮ ಕಷ್ಟ ಹೇಳಬಹುದು. ತೀರ್ಮಾನ ಮಾಡುವಂತಿಲ್ಲ. ಆಮೇಲೆ ಚುನಾವಣೆ ಬಂದಾಗಲೂ ಹೆಚ್ಚು ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮಾತ್ರ ಮತ. ನಮ್ಮಂಥ ಎರಡು ಮೂರು ಎಕರೆಯವರು ಲೆಕ್ಕಕ್ಕೇ ಇರಲಿಲ್ಲ. ಈಗ ಎಲ್ಲರಿಗೂ ಮತ ಇದೆ. ಅದನ್ನು ಇಟ್ಟುಕೊಂಡು ನಮಗೆ ರಾಜಕೀಯ ಬೇಡ ಅಂದರೆ, ಮಾತಾಡಬಹುದು ತೀರ್ಮಾನ ಮಾಡುವಂತಿಲ್ಲ ಅನ್ನೋ 1881ರ ಕಾಲಕ್ಕೆ ನಾವೇ ವಾಪಸ್ ಹೋಗಿ ಕೂತ ಹಾಗಲ್ಲವೇ?

ಪುಟ್ಟಣ್ಣಯ್ಯ ಹೋದ ಮೇಲೆ ಏನಾಯಿತು ಅನ್ನುವುದನ್ನೂ ನೋಡಬೇಕು. 2018ರ ಚುನಾವಣೆಯಲ್ಲಿ ಅವರ ಮಗ ದರ್ಶನ್ ನಿಂತು ಸೋತರು. ಅಂದರೆ 2018ರಿಂದ 2023ರವರೆಗೆ ಸದನದಲ್ಲಿ ರೈತಸಂಘದ ಒಬ್ಬರೂ ಇರಲಿಲ್ಲ. 2020ರಲ್ಲಿ, ಜನ ಕೊರೋನಾ ಭಯದಲ್ಲಿ ಮನೆ ಸೇರಿದ್ದಾಗ, ಭೂಸುಧಾರಣೆ ಕಾಯ್ದೆಗೆ ಮತ್ತೆ ತಿದ್ದುಪಡಿ ಬಂತು. 79ಎ, 79ಬಿ ಅನ್ನೋ ಕಲಮುಗಳನ್ನು ತೆಗೆದರು. ವ್ಯವಸಾಯ ಮಾಡದವರು, ಬೇರೆ ಕಸುಬಿನಿಂದ ಎಷ್ಟೇ ಸಂಪಾದನೆ ಇರುವವರು, ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಮಾಲೂರು ಬೆಂಗಳೂರಿಗೆ ಕೂಗಳತೆ ದೂರ. ಇಲ್ಲಿ ಇದರ ಅರ್ಥ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹೊಲದ ಮೂಡಲ ಬದುವಿನ ಆಚೆಗೆ ತಂತಿ ಬೇಲಿ ಬಿದ್ದಿದೆ, ಒಳಗೆ ಬೋರ್ಡು ಇದೆ, ಬೆಳೆ ಇಲ್ಲ. ಮೂರು ವರ್ಷದಿಂದ ಪಾರ್ಥೇನಿಯಂ ಮಾತ್ರ.

ಆ ತಿದ್ದುಪಡಿಯ ದಿನ ಸದನದಲ್ಲಿ ಕೂತಿದ್ದವರಲ್ಲಿ ಬಹಳ ಜನ ನಾಮಪತ್ರದಲ್ಲಿ ವೃತ್ತಿ ಕೃಷಿ ಅಂತಲೇ ಬರೆದುಕೊಂಡಿರುತ್ತಾರೆ. ಅವರೆಲ್ಲ ರೈತರೇ ಆಗಿದ್ದರೆ ನಮಗೆ ಇಷ್ಟು ಚಿಂತೆ ಯಾಕಿರಬೇಕು! ಪುಟ್ಟಣ್ಣಯ್ಯ ಇದ್ದಿದ್ದರೆ ತಿದ್ದುಪಡಿ ನಿಲ್ಲುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಅವರು ಎದ್ದು ನಿಂತು ಅವರ ಧಾಟಿಯಲ್ಲಿ ನಾಲ್ಕು ಮಾತು ಆಡಿದ್ದರೆ, ಮಾರನೇ ದಿನ ಪೇಪರಿನಲ್ಲಿ ಬಂದು, ನಮ್ಮ ಡೈರಿ ಮುಂದೆ ಅದೇ ಚರ್ಚೆಯಾಗುತ್ತಿತ್ತು. ಆಗಿದ್ದು ಏನೆಂದರೆ, ಕಾಯ್ದೆ ಬದಲಾಗಿದೆ ಅನ್ನೋದು ನಮ್ಮೂರಿನ ಎಷ್ಟೋ ಜನಕ್ಕೆ ಗೊತ್ತಾಗಿದ್ದು ದಲ್ಲಾಳಿಗಳು ಮನೆಗೆ ಬಂದ ಮೇಲೆ.

ನಮ್ಮ ವಾದದಲ್ಲಿ ಒಬ್ಬ ಹುಡುಗ ಒಳ್ಳೆ ಪ್ರಶ್ನೆ ಕೇಳಿದ. “ದಿಲ್ಲಿ ಗಡಿಯಲ್ಲಿ ಕೂತ ರೈತರು ಯಾವ ಎಂಪಿಯೂ ಇಲ್ಲದೆ 2021ರಲ್ಲಿ ಮೂರು ಕಾಯ್ದೆ ವಾಪಸ್ ತೆಗೆಸಲಿಲ್ಲವೇ ಮಾವಾ? ಟಿಕಾಯತ್ ಚುನಾವಣೆಗೆ ನಿಂತಿದ್ರಾ?” ಅಂತ. ಮಹೇಂದ್ರಸಿಂಗ್ ಟಿಕಾಯತರು ಸಂಘವನ್ನು ರಾಜಕೀಯದಿಂದ ದೂರ ಇಟ್ಟವರು ಅನ್ನುವುದು ಸರಿ. 1988ರಲ್ಲಿ ದಿಲ್ಲಿಯ ಬೋಟ್ ಕ್ಲಬ್ಬಿನಲ್ಲಿ ಸಾವಿರಾರು ರೈತರನ್ನು ಎತ್ತಿನ ಗಾಡಿ, ಟ್ರಾಕ್ಟರಿನ ಸಮೇತ ಕೂರಿಸಿ ಸರ್ಕಾರವನ್ನು ಬೆವರಿಳಿಸಿದ್ದರು. ಮಹಾರಾಷ್ಟ್ರದ ಶರದ್ ಜೋಶಿಯವರು ಇನ್ನೊಂದು ದಾರಿ. ದೊಡ್ಡ ನೌಕರಿ ಬಿಟ್ಟು ಬಂದು ಪುಣೆ ಹತ್ತಿರ ಜಮೀನು ಕೊಂಡು, ಈರುಳ್ಳಿ ಬೆಲೆಗೆ ಹೋರಾಡಿ ಶೇತ್ಕರಿ ಸಂಘಟನೆ ಕಟ್ಟಿದರು, 2004ರಿಂದ 2010ರವರೆಗೆ ರಾಜ್ಯಸಭೆಯಲ್ಲಿದ್ದರು. ಮೂರು ರಾಜ್ಯ, ಮೂರು ದಾರಿ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ದಿಲ್ಲಿ ಗಡಿಯಲ್ಲಿ ಒಂದು ವರ್ಷ ಚಳಿ ಮಳೆ ಬಿಸಿಲಲ್ಲಿ ಕೂರಬೇಕಾಯಿತು, ಎಷ್ಟೋ ಜನ ಜೀವ ಬಿಟ್ಟರು. ಪಂಜಾಬಿನವರಿಗೆ ಗೋಧಿ ಭತ್ತದ ಸರ್ಕಾರಿ ಖರೀದಿಯ ಬಲ ಇದೆ, ಊರಿಗೆ ಊರೇ ಸರದಿ ಮೇಲೆ ಹೋಗಿ ಕೂತರು. ನಾವು ಎರಡು ಸೀಮೆ ಹಸು ಕಟ್ಟಿಕೊಂಡವರು, ಬೆಳಿಗ್ಗೆ ಸಾಯಂಕಾಲ ಹಾಲು ಕರೆದು ಡೈರಿಗೆ ಹಾಕದಿದ್ದರೆ ವಾರದ ಬಟವಾಡೆ ಇಲ್ಲ. ಎಷ್ಟು ದಿನ ಕೂತೇವು? ಕೇಂದ್ರದ ಮೂರು ಕಾಯ್ದೆ ವಾಪಸ್ ಹೋದವು, ನಮ್ಮ ರಾಜ್ಯದ ಭೂಮಿ ತಿದ್ದುಪಡಿ ಆಗ ಅವುಗಳ ಜೊತೆ ವಾಪಸ್ ಹೋಗಲಿಲ್ಲ.

ಇಷ್ಟೆಲ್ಲ ಪುಟ್ಟಣ್ಣಯ್ಯನವರ ಪರವಾಗಿ ಹೇಳಿದೆ. ಈಗ ಖುಷ್ಕಿ ರೈತನಾಗಿ ನನ್ನದೊಂದು ತಕರಾರೂ ಇದೆ. ಅವರು ನಾಲೆ ಸೀಮೆಯವರು. ರೈತಸಂಘ ಹುಟ್ಟಿದ್ದೂ ನೀರಾವರಿ ಸೀಮೆಯ ಕರದ ಜಗಳದಲ್ಲಿ. ಹಾಗಾಗಿ ರಾಜ್ಯದಲ್ಲಿ ರೈತನ ಕೂಗು ಅಂದರೆ ಕಬ್ಬಿನ ಬಾಕಿ, ನಾಲೆಗೆ ನೀರು, ಪಂಪ್‌ಸೆಟ್ ಕರೆಂಟು ಅಂತಲೇ ಆಗಿದೆ. ಖುಷ್ಕಿಯವನ ಮಾತು ಕೊನೆಗೆ ಬರುತ್ತೆ, ಸಮಯ ಮುಗಿಯಿತು ಅಂತ ಗಂಟೆ ಹೊಡೆದ ಮೇಲೆ ಬರುತ್ತೆ.

ನಮ್ಮದು ನದಿಯಿಲ್ಲದ ಜಿಲ್ಲೆ ಅಂತಲೇ ಹೇಳಬೇಕು. ಪಾಲಾರ್, ದಕ್ಷಿಣ ಪಿನಾಕಿನಿ ಅಂತ ಹೆಸರಿಗೆ ಇವೆ, ವರ್ಷದಲ್ಲಿ ಬಹುಪಾಲು ಮರಳೇ. ಹಳಬರು ಕೆರೆ ಕಟ್ಟಿ ಬದುಕಿದರು. ನನ್ನ ಬುದ್ಧಿ ತಿಳಿದಾಗ ನಮ್ಮ ತೆರೆದ ಬಾವಿಯಲ್ಲಿ ನಲವತ್ತು ಅಡಿಗೆ ಕಪಿಲೆ ಹೊಡೆಯುತ್ತಿದ್ದರು. ಅದು ಬತ್ತಿ, ಬೋರು ಬಂತು. ಮುನ್ನೂರು ಅಡಿ, ಆರುನೂರು ಅಡಿ, ಕೊನೆಗೆ ಸಾವಿರದ ಇನ್ನೂರು ಅಡಿಗೆ ಹೋಗಿ ಬರೀ ಬೂದಿ ಬಂದ ಮೇಲೆ ನಾನು ಬೋರಿನ ಸಹವಾಸ ಬಿಟ್ಟೆ. ಈಗ ಮೂರೂವರೆ ಎಕರೆಯಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಬದುವಿನ ಮೇಲೆ ಹುಣಿಸೆ, ಹೊಂಗೆ. ನನ್ನಂಥವರು ಈ ನಾಲ್ಕು ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದೇವೆ.

ನೀಲಗಿರಿ ವಿಷಯ ನೆನೆಸಿಕೊಳ್ಳಿ. ರಾಗಿ ಹೊಲಗಳನ್ನೆಲ್ಲ ನೀಲಗಿರಿ ತೋಪು ಮಾಡಿದ್ದು ನಮ್ಮ ಜಿಲ್ಲೆಯಲ್ಲೇ ಹೆಚ್ಚು. ಕೂಲಿ ಬೇಡ, ಕಾವಲು ಬೇಡ, ಐದಾರು ವರ್ಷಕ್ಕೊಮ್ಮೆ ಕಡಿದರೆ ಕಾಸು ಅಂತ ಜನ ಹಾಕಿದರು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸರ್ಕಾರವೇ ಸಸಿ ಕೊಟ್ಟಿತು, ವಿಶ್ವಬ್ಯಾಂಕಿನ ದುಡ್ಡು ಬಂತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನೀಲಗಿರಿ ಸಸಿ ಕಿತ್ತು ಹಾಕಿ ಅದರ ಜಾಗದಲ್ಲಿ ಹುಣಿಸೆ, ಮಾವು ಬೀಜ ಹಾಕಿದರು. ಆಗ ಅವರನ್ನು ಅಭಿವೃದ್ಧಿಗೆ ಅಡ್ಡ ಬರುವವರು ಅಂದರು. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ನಡುವೆ 34 ವರ್ಷ. ಆ 34 ವರ್ಷದಲ್ಲಿ ನಮ್ಮ ಜಿಲ್ಲೆಯಿಂದ ಸದನಕ್ಕೆ ಹೋದವರಲ್ಲಿ ಖುಷ್ಕಿ ಹೊಲದ ಗೋಳೇ ತನ್ನ ಮೊದಲ ಕೆಲಸ ಅಂತ ಹಟ ಹಿಡಿದು ಕೂತವನು ಒಬ್ಬ ಇದ್ದಿದ್ದರೆ, ಇಷ್ಟು ವರ್ಷ ಹಿಡಿಯುತ್ತಿತ್ತೇ? ಈಗ ಬುಡ ಕೀಳಿಸಲು ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಿರುವುದು ನಾವೇ. ಕಿತ್ತ ಮೇಲೆ ಮೊದಲ ಎರಡು ವರ್ಷ ಹುರುಳಿಯೂ ನೆಟ್ಟಗೆ ಬರಲ್ಲ.

ನೀರಿಗೂ ಅದೇ ಕಥೆ. 2018ರ ಜೂನಿನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಟ್ಟರು. ದಿನಕ್ಕೆ 44 ಕೋಟಿ ಲೀಟರ್ ಅನ್ನುವುದು ಯೋಜನೆಯ ಲೆಕ್ಕ. ಕೆರೆ ತುಂಬಿದ್ದು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ, ಅಂತರ್ಜಲ ಏರಿದ ಊರುಗಳೂ ಇವೆ. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ಇಲ್ಲಿಯ ಹೋರಾಟಗಾರರು ಕೋರ್ಟಿಗೆ ಹೋಗಬೇಕಾಯಿತು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು ಹಾಕಿದರು, ಮೊದಲ ಹಂತದ ಪಂಪು ಚಾಲೂ ಆಗಿದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಸಕಲೇಶಪುರದ ಕಡೆ. ನಮ್ಮ ಕೆರೆಗೆ ಯಾವಾಗ ಅಂತ ಕೇಳಿದರೆ ಪ್ರತಿ ಚುನಾವಣೆಯಲ್ಲೂ ಒಂದು ಹೊಸ ತಾರೀಖು ಕೊಡ್ತಾರೆ.

ರಾಗಿಯ ಮಾತು ಒಂದಿಷ್ಟು. 2024-25ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಬೆಲೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತೆ. ಆದರೆ ನೋಂದಣಿಗೆ ಸಾಲು, ಚೀಲಕ್ಕೆ ಸಾಲು, ತೂಕಕ್ಕೆ ಸಾಲು. ಕಣದಲ್ಲಿ ರಾಗಿ ರಾಶಿ ಬಿದ್ದಿರುವಾಗ ಖರೀದಿ ಕೇಂದ್ರ ತೆರೆದಿರಲ್ಲ, ತೆರೆಯುವ ಹೊತ್ತಿಗೆ ಸಣ್ಣ ರೈತನ ರಾಗಿ ವ್ಯಾಪಾರಿಯ ಗೋಡೌನಿನಲ್ಲಿ ಇರುತ್ತೆ. ಒಂದು ವರ್ಷ ಖರೀದಿ ಕೇಂದ್ರದ ಬಾಗಿಲಲ್ಲಿ ನಾನು ಎರಡು ರಾತ್ರಿ ಬಾಡಿಗೆ ಟ್ರಾಕ್ಟರಿನಲ್ಲೇ ಮಲಗಿದೆ, ಬಾಡಿಗೆಗೆ ಒಂದೂವರೆ ಚೀಲ ರಾಗಿಯ ದುಡ್ಡು ಹೋಯಿತು. ಕಬ್ಬಿನ ಲಾರಿ ಕಾರ್ಖಾನೆ ಮುಂದೆ ನಿಂತರೆ ಸದನದಲ್ಲಿ ಗಲಾಟೆ ಆಗುತ್ತೆ. ರಾಗಿ ಟ್ರಾಕ್ಟರು ನಿಂತಿದ್ದಕ್ಕೆ ಸದನ ನಿಂತದ್ದನ್ನು ನಾನು ಕೇಳಿಲ್ಲ. ಮಂಡ್ಯದವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರಿಗೆ ಒಬ್ಬ ಪುಟ್ಟಣ್ಣಯ್ಯ ಇದ್ದರು, ನಮಗೆ ಇರಲಿಲ್ಲ, ಅಷ್ಟೇ.

2023ರಲ್ಲಿ ಮೇಲುಕೋಟೆಯ ಜನ ದರ್ಶನ್ ಪುಟ್ಟಣ್ಣಯ್ಯನವರನ್ನು ಗೆಲ್ಲಿಸಿದರು. ಅಮೆರಿಕದಲ್ಲಿ ಕಂಪ್ಯೂಟರ್ ಉದ್ಯಮ ಮಾಡುತ್ತಿದ್ದವರು ಬಂದು ಅಪ್ಪನ ಟವೆಲು ಹಾಕಿಕೊಂಡಿದ್ದಾರೆ. ಆ ಚುನಾವಣೆಯಲ್ಲಿ ಕಾಂಗ್ರೆಸ್ ತನ್ನ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತ್ತು. ಅಪ್ಪನ ಜಾಗಕ್ಕೆ ಮಗ ಅನ್ನುವುದು ನನಗೆ ಅಷ್ಟಾಗಿ ರುಚಿಸುವುದಿಲ್ಲ, ಬೇರೆ ಪಕ್ಷಗಳಲ್ಲಿ ಇದನ್ನೇ ನಾವು ಬೈಯುತ್ತೇವೆ. ಕ್ಯಾತನಹಳ್ಳಿ ಕಡೆಯ ಸಂಘದಲ್ಲಿ ನಲವತ್ತು ವರ್ಷ ದುಡಿದವರು ಬೇರೆ ಯಾರೂ ಇರಲಿಲ್ಲವೇ ಅಂತ ಕೇಳುವ ಹಕ್ಕು ಸಂಘದ ಎಲ್ಲರಿಗೂ ಇದೆ. ಅವರ ಕೆಲಸ ಹೇಗೆ ಅಂತ ಅಲ್ಲಿಯ ರೈತರು ಹೇಳಬೇಕು, ನಾನು ದೂರದವನು.

ನಮ್ಮ ಕಡೆ ಆಗಬೇಕಾದ್ದು ವಿಧಾನಸೌಧಕ್ಕಿಂತ ಮೊದಲಿನ ಮೆಟ್ಟಿಲಲ್ಲಿ. ರಾಜ್ಯದಲ್ಲಿ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಸಲಿಲ್ಲ, ಅಧಿಕಾರಿಗಳ ಕೈಯಲ್ಲೇ ನಡೆಯಿತು. ಒಂದು ಕಾಲಕ್ಕೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಬೋರ್ಡು ಹಾಕಿದ್ದ ಜನ ನಾವು, ಇದಕ್ಕೆ ಒಂದು ಧರಣಿಯನ್ನೂ ಸರಿಯಾಗಿ ಮಾಡಲಿಲ್ಲ. ರಾಜಕೀಯ ನಮಗೆ ಬೇಡ ಅಂತ ಕೂತದ್ದಕ್ಕೇ ಹೀಗಾಯಿತು ಅಂತ ನಾನು ಅಂದಾಗ ಆ ರಾತ್ರಿ ಡೈರಿ ಮುಂದೆ ಯಾರೂ ಜವಾಬು ಕೊಡಲಿಲ್ಲ.

ನನ್ನ ಸಲಹೆ ಹೀಗಿದೆ. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕಿನ ಸಣ್ಣ ರೈತರು ಯಾವ ಬಣ ಅಂತ ನೋಡದೆ ಸೇರಿ, ಚುನಾವಣೆಗೆ ಯಾರನ್ನು ನಿಲ್ಲಿಸಬೇಕು ಅಂತ ತೀರ್ಮಾನ ಮಾಡಬೇಕು. ನಿಲ್ಲುವವನು ಮೂರು ವರ್ಷವಾದರೂ ಸಂಘದಲ್ಲಿ ದುಡಿದಿರಬೇಕು, ಅವನ ಪಹಣಿಯಲ್ಲಿ ಬೆಳೆ ಕಾಲಂ ಖಾಲಿ ಇರಬಾರದು. ಭೂಮಿ ಇಲ್ಲದ ಕೂಲಿಯವರಲ್ಲೂ ಒಬ್ಬರು ನಿಲ್ಲಬೇಕು, ಹೆಂಗಸರಲ್ಲೂ ನಿಲ್ಲಬೇಕು. ಹಾಲು ಕರೆಯುವವರು, ಕಳೆ ಕೀಳುವವರು ಅವರೇ ತಾನೆ. ಖರ್ಚಿಗೆ ಗೋಪಾಲಗೌಡರ ಹಾಗೆ ಒಂದು ವೋಟು ಒಂದು ನೋಟು. ಗೆದ್ದವರು ಆರು ತಿಂಗಳಿಗೊಮ್ಮೆ ಸಂತೆ ದಿನ ಜನರ ಮುಂದೆ ನಿಂತು ಏನು ಕೇಳಿದೆವು, ಏನು ಸಿಕ್ಕಿತು ಅಂತ ಲೆಕ್ಕ ಹೇಳಬೇಕು. ಕೇಳಬೇಕಾದ್ದರಲ್ಲಿ ಮೊದಲನೆಯದು, ರಾಗಿ ಕಣದಲ್ಲಿರುವಾಗಲೇ ಖರೀದಿ ಕೇಂದ್ರ ತೆರೆಯುವುದು. ಎರಡನೆಯದು, ಕೆರೆಗೆ ಬರುವ ನೀರನ್ನು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಹಚ್ಚುವುದು. ನೀಲಗಿರಿ ಬುಡ ಕೀಳಿಸುವ ಖರ್ಚಿಗೆ ಸಹಾಯ, ಕೆರೆಗೋಡು ಮತ್ತು ಹೊಲದ ಮೇಲ್ಮಣ್ಣು ಇಟ್ಟಿಗೆ ಗೂಡಿಗೆ ಹೋಗುವುದಕ್ಕೆ ಕಡಿವಾಣ, ಇವು ಆಮೇಲೆ.

ಇದಕ್ಕೆ ಒಪ್ಪದವರು ಇದೇ ಪತ್ರಿಕೆಗೆ ಬರೆಯಲಿ. ನಮ್ಮ ಊರಿನ ಆ ಹಿರಿಯರು ಬರೆಯುತ್ತೇನೆ ಅಂತ ಆಗಲೇ ಹೇಳಿದ್ದಾರೆ. ಅವರು ಎಸ್ಸೆಸ್ಸೆಲ್ಸಿ ಓದಿದವರು, ನನಗಿಂತ ಚೆನ್ನಾಗಿಯೇ ಬರೀತಾರೆ. ಸುಗ್ಗಿ ಮುಗಿದ ಮೇಲೆ, ಫೆಬ್ರವರಿ ಹೊತ್ತಿಗೆ, ನಾಲ್ಕು ತಾಲ್ಲೂಕಿನವರೂ ಒಂದು ಕಡೆ ಸೇರಿ ಮಾತಾಡುವ ಹಾಗಾದರೆ ಒಳ್ಳೆಯದು. ಜಾಗ ಇನ್ನೂ ಗೊತ್ತುಮಾಡಿಲ್ಲ, ಬಸ್ಸಿಗೆ ಅನುಕೂಲ ಇರೋ ಊರಾದರೆ ಸಾಕು. ಊಟಕ್ಕೆ ರಾಗಿ ಮುದ್ದೆ, ಅವರೆಕಾಳು ಸಾರು ನಮ್ಮ ಊರಿನವರದು.